ಕೆಳಮನೆ ಆಂಟಿಯ ಮಾಚಿಪತ್ರೆ

ಗಣೇಶನ ಹಬ್ಬಕ್ಕೆಂದು ಫೋನಿನಲ್ಲೇ ತರಿಸಿದ ಪತ್ರೆಯ ಪ್ಯಾಕೆಟ್ಟನ್ನು ಮೊನ್ನೆ ಬಿಚ್ಚಿದೆ. ಇಪ್ಪತ್ತೊಂದು ಬಗೆ ಎಂದು ಮೇಲೆ ಬರೆದಿತ್ತು; ಒಳಗಿದ್ದದ್ದು ಹೆಚ್ಚೆಂದರೆ ಹತ್ತು, ಅದೂ ಬಾಡಿದ್ದು. ತಳದಲ್ಲಿ ಬೂದುಬಣ್ಣದ ಒಂದು ಕುಡಿ ಸಿಕ್ಕಿತು. ಬೆರಳಲ್ಲಿ ತಿಕ್ಕಿದ್ದೇ ತಡ, ಮಾಚಿಪತ್ರೆಯ ಆ ಕಹಿ ಘಾಟು ಗುರುಗ್ರಾಮದ ನಮ್ಮ ಹನ್ನೊಂದನೇ ಮಹಡಿಯ ಅಡುಗೆಮನೆಯನ್ನೆಲ್ಲ ತುಂಬಿತು. ಕೆಳಮನೆ ಆಂಟಿ ನೆನಪಾದರು. ಆಗದಿದ್ದರೆ ಚೆನ್ನಾಗಿತ್ತು.

ಎರಡು ಸಾವಿರದ ನಾಲ್ಕರ ಆಸುಪಾಸು. ಮದುವೆಯಾಗಿ ಬಂದು ದಕ್ಷಿಣ ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅತ್ತೆ ಮನೆ ಸೇರಿದ್ದೆ. ನಮ್ಮದು ಮೊದಲ ಮಹಡಿ, ಕೆಳಗೆ ಆಂಟಿ. ಹಾಸನದ ಕಡೆಯವರು. ಅವರ ಮನೆ ಮುಂದಿನ ಅಂಗೈಯಗಲದ ತೋಟದಲ್ಲಿ ಸೊಂಟದೆತ್ತರದ ಮಾಚಿಪತ್ರೆ ಗಿಡವಿತ್ತು. ಊರಿನಿಂದ ರೈಲಿನಲ್ಲಿ ಒದ್ದೆ ಬಟ್ಟೆ ಸುತ್ತಿ ತಂದ ಕಡ್ಡಿಯಿಂದ ಬೆಳೆದದ್ದಂತೆ. ಜೂನ್ ಬಿಸಿಲಿಗೆ ಹಳೆಯ ಸೀರೆ ಕಟ್ಟಿ ನೆರಳು ಮಾಡುತ್ತಿದ್ದರು. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯದಂತೆ ಬುಡಕ್ಕೆ ಮರಳು, ಇಟ್ಟಿಗೆ ಚೂರು. ಪತ್ರೆಪೂಜೆಯಲ್ಲಿ ಮಾಚಿಪತ್ರೆಗೇ ಮೊದಲ ಸರದಿ. ಹಾಗಾಗಿ ಹಬ್ಬ ಬಂತೆಂದರೆ ಕಾಲೊನಿಯ ಕನ್ನಡದವರೆಲ್ಲ ಆಂಟಿಯ ಗೇಟಿನಲ್ಲಿ. ಗೌರಿಯ ಸಂಜೆ ಅವರೇ ತಟ್ಟೆ ತುಂಬ ತಂದು ಅತ್ತೆಗೆ ಕೊಡುತ್ತಿದ್ದರಂತೆ, ಮೊದಲ ಕುಂಕುಮವೂ ಅವರಿಗೇ.

ನಾನು ಬಂದ ಎರಡೇ ತಿಂಗಳಿಗೆ ಅವರ ಯಜಮಾನರು ಆಫೀಸಿಗೆ ಹೋಗುವ ಬಸ್ಸಿನಲ್ಲೇ ಎದೆನೋವು ಬಂದು ತೀರಿಕೊಂಡರು. ಹದಿಮೂರು ದಿನ ಕಳೆದದ್ದೇ ಹೆಂಗಸರ ಓಡಾಟ ನಿಂತಿತು. ನಾನು ಹೋಗುತ್ತಿದ್ದೆ. ದಯೆಯಿಂದೇನಲ್ಲ, ಹಿಂದಿ ಬಾರದ ನನಗೆ ಹತ್ತಿರದಲ್ಲಿ ಸಲೀಸಾಗಿ ಹರಟಲು ಅವರೊಬ್ಬರೇ ಇದ್ದರು. ಅತ್ತೆಯ ಜೊತೆ ಮಾತೆಂದರೆ ಏನು ಹೆಚ್ಚಲಿ, ಎಷ್ಟು ಅಕ್ಕಿ ಹಾಕಲಿ, ಅಷ್ಟೇ.

ಫೆಬ್ರವರಿ ಕೊನೆಗೆ ಒಂದು ಮಧ್ಯಾಹ್ನ ಆಂಟಿ ಕತ್ತರಿಯನ್ನು ನನ್ನ ಕೈಗಿಟ್ಟರು.

"ಹೆದರಬೇಡ ಕಣೇ, ಕತ್ತರಿಸು. ಆದ್ರೆ ಕೆಳಗೆ ಹಸಿರು ಚಿಗುರು ಉಳಿಸ್ಕೊಂಡು ಕತ್ತರಿಸು. ಒಣಕಟ್ಟಿಗೆವರೆಗೂ ಇಳಿದ್ರೆ ಮತ್ತೆ ಚಿಗುರಲ್ಲ."

ಕತ್ತರಿಸಿದ ಕುಡಿಗಳನ್ನು ನೆರಳಲ್ಲಿ ಒಣಗಿಸಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಸ್ವೆಟರು ರಜಾಯಿಗಳ ನಡುವೆ ಹುಳ ಬಾರದಂತೆ ಇಟ್ಟೆವು. ಸಂಜೆ ನಾನು ನಾದಿದ ಹಿಟ್ಟಿನ ಚಪಾತಿ ವಿಷದಷ್ಟು ಕಹಿ. ನನ್ನ ಗಂಡ ಒಂದೇ ತುತ್ತಿಗೆ ಮುಖ ಕಿವುಚಿ ಎದ್ದರು. ಮರುದಿನ ಆಂಟಿಗೆ ಹೇಳಿದೆ. ಯಜಮಾನರು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಅಚ್ಛಾ! ಕೈಗೆ ಮೊಸರು ತಿಕ್ಕಿ ತೊಳ್ಕೋ ಅಂತ ಹೇಳೋದೇ ಮರ್ತೆ ನೋಡು..."

ಸೆಪ್ಟೆಂಬರಿನಲ್ಲಿ ನನ್ನ ಮೊದಲ ಗೌರಿ. ಹಿಂದಿನ ದಿನ ಆಂಟಿ ಕೇಳಿದರು, "ಪತ್ರೆ ಯಾರ ಕೈಲಿ ಕಳಿಸ್ಲಿ?"

"ಯಾರ ಕೈಲೂ ಬೇಡ, ನೀವೇ ತನ್ನಿ ಆಂಟಿ. ನೀವು ಬರಲೇಬೇಕು."

ಅವರು ನನ್ನನ್ನೇ ನೋಡಿದರು. "ಅತ್ತೆಗೆ ಹೇಳಿದ್ದೀಯಾ?"

"ನಾನು ಹೇಳ್ತೀನಿ ಬಿಡಿ."

ಹೇಳಲಿಲ್ಲ. ಮೂರು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಗಂಡ ಹೋದವರನ್ನು ಗೌರಿಗೆ ಕರೆಯುವುದಿಲ್ಲ ಎಂಬುದು ನನಗೇನು ಗೊತ್ತಿರಲಿಲ್ಲವೇ? ಅವರು ಬೆಳೆಸಿದ ಎಲೆಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಹಬ್ಬದ ಸಂಜೆ ಹಾಲ್ ತುಂಬ ಹೆಂಗಸರು. ಆಂಟಿ ಬಂದರು. ಇಸ್ತ್ರಿ ಮಾಡಿದ ತಿಳಿಹಸಿರು ಸೀರೆ, ಕೈಯಲ್ಲಿ ಪತ್ರೆಯ ತಟ್ಟೆ. ಅತ್ತೆ ಬಾಗಿಲಿಗೇ ಹೋಗಿ ಎರಡೂ ಕೈ ಚಾಚಿ ಇಸಕೊಂಡರು. "ಅಯ್ಯೋ, ನೀವ್ಯಾಕೆ ತೊಂದ್ರೆ ತಗೊಂಡ್ರಿ? ಹುಡುಗೀನೇ ಬಂದು ತರ್ತಿದ್ಲಲ್ಲ," ಎಂದರು, ತುಂಬ ಮೆತ್ತಗೆ. ಒಳಗೆ ಬನ್ನಿ ಎನ್ನಲಿಲ್ಲ. ಹೊಸ್ತಿಲ ಆಚೆ ನಿಂತ ಆಂಟಿ ನನ್ನನ್ನು ಹುಡುಕಿ ನೋಡಿದರು. ಕರೆದದ್ದು ನಾನೇ ಅತ್ತೆ, ಎಂದಿದ್ದರೆ ಸಾಕಿತ್ತು. ನನ್ನ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ತಲೆ ತಗ್ಗಿಸಿ ಎದುರು ಕೂತವರ ಹಣೆಗೆ ಇಟ್ಟೆ. ಮತ್ತೆ ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಆಮೇಲೂ ಆಂಟಿ ಮಾತು ಬಿಡಲಿಲ್ಲ. ಬಿಟ್ಟಿದ್ದರೆ, ಒಮ್ಮೆ ಬೈದಿದ್ದರೆ, ನನಗೇ ಹಗುರವಾಗುತ್ತಿತ್ತು. "ಊಟ ಆಯ್ತಾ?" ಎನ್ನುತ್ತಿದ್ದರು, ಒಳಗೆ ಹೋಗುತ್ತಿದ್ದರು. ಫೆಬ್ರವರಿಯಲ್ಲಿ ಗಿಡವನ್ನು ತಾವೊಬ್ಬರೇ ಸವರಿದರು. ಮುಂದಿನ ಗೌರಿಯ ಬೆಳಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಪೇಪರಿನಲ್ಲಿ ಸುತ್ತಿಟ್ಟ ಮಾಚಿಪತ್ರೆ. ನಾವು ಹೋಗಿ ಕೇಳುವ ಮುಜುಗರವನ್ನೂ ಅವರೇ ತಪ್ಪಿಸಿದ್ದರು. "ಎಷ್ಟು ತಿಳಿದೋರು ನೋಡು," ಎಂದರು ಅತ್ತೆ. ನನಗೆ ಮೈಯೆಲ್ಲ ಉರಿಯಿತು, ಆದರೆ ಆ ಎಲೆಗಳನ್ನು ತೊಳೆದು ತಟ್ಟೆಗೆ ಜೋಡಿಸಿದವಳೂ ನಾನೇ.

ದೀಪಾವಳಿಯ ಹೊತ್ತಿಗೆ ಆಂಟಿ ಕ್ವಾರ್ಟರ್ಸ್ ಬಿಟ್ಟು ತಮ್ಮನ ಮನೆಗೆ ಹೊರಟುಹೋದರು. ಹೊಸಬರು ಗಿಡ ಕಿತ್ತು, ಸಿಮೆಂಟ್ ಬಳಿದು ಸ್ಕೂಟರ್ ನಿಲ್ಲಿಸಿದರು. ಫೋನ್ ನಂಬರ್ ನನ್ನ ಹತ್ತಿರ ಇತ್ತು. ಮಾಡಿದರೆ ಏನೆಂದು ಶುರು ಮಾಡುವುದು... ಹೀಗೇ ವರ್ಷಗಳಾದವು.

ಕಳೆದ ವರ್ಷ ಹಳೆಯ ಕಾಲೊನಿಯವರ ವಾಟ್ಸಾಪ್ ಗ್ರೂಪಿನಲ್ಲಿ ಆಂಟಿ ತೀರಿಕೊಂಡ ಸುದ್ದಿ ಬಂತು. ಆ ಗೌರಿಯ ಸಂಜೆ ನಮ್ಮ ಹಾಲ್ ತುಂಬ ಕೂತಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಬರೆದರು: ಎಂಥ ಒಳ್ಳೆಯವರು, ಎಂಥ ಕೈಗುಣ. ನಾನೂ ಬರೆಯಲು ಕೂತೆ. 'ಆ ಗೌರಿಹಬ್ಬಕ್ಕೆ ಅವರನ್ನು ಕರೆದವಳು ನಾನು' ಎಂದು ಟೈಪ್ ಮಾಡಿದೆ. ಅತ್ತೆಯೂ ಆ ಗ್ರೂಪಿನಲ್ಲಿದ್ದಾರೆ. ಅಷ್ಟನ್ನೂ ಅಳಿಸಿ, ಎಲ್ಲರ ಹಾಗೆ ಕೈಮುಗಿದ ಚಿತ್ರವೊಂದನ್ನು ಕಳಿಸಿದೆ.