ನಾಲ್ಕು ಹತ್ತರ ಹ್ವಾಯ್

2010ರಲ್ಲಿ ನಾನು ಕುಂದಾಪುರದಲ್ಲಿ ವೆಬ್‌ಸೈಟ್ ಕಟ್ಟಿಕೊಡುವ ಕೆಲಸ ಮಾಡುತ್ತಿದ್ದೆ. ಹೋಟೆಲು, ಹಂಚಿನ ಕಾರ್ಖಾನೆ, ಮದುವೆ ಹಾಲ್, ಯಾರು ಕೇಳಿದರೂ ಇಲ್ಲ ಎನ್ನುತ್ತಿರಲಿಲ್ಲ. ಜೊತೆಗೆ ನನ್ನದೇ ಒಂದು ಫೋಟೋ ಬ್ಲಾಗ್ ಇತ್ತು. ಕೋಡಿಯಿಂದ ಬೈಂದೂರಿನ ತನಕ ಬೈಕಿನಲ್ಲಿ ಸುತ್ತಿ ತೆಗೆದ ಚಿತ್ರಗಳು. ಈ ವೃತ್ತಿಯಲ್ಲಿ ಸಾವಿರಾರು ಪುಟಗಳನ್ನು ಅಳಿಸಿದ್ದೇನೆ. ಅಳಿಸಿದ ಮೇಲೆ ಮತ್ತೆ ಹುಡುಕಲು ಹೊರಟದ್ದು ಒಂದೇ ಪುಟವನ್ನು.

ಆ ಪುಟದಲ್ಲಿದ್ದದ್ದು ಒಂದೇ ಫೋಟೋ. ಎರಡು ವರ್ಷ ಹಿಂದೆ ಕೋಡಿಯ ಕಡಲತೀರದಲ್ಲಿ ಬೆಳಗ್ಗೆ ತೆಗೆದದ್ದು: ದೋಣಿಯತ್ತ ನಡೆದು ಹೋಗುತ್ತಿರುವ ಮೂವರು ಮೀನುಗಾರರು, ಮೂವರದೂ ಬೆನ್ನು. ಮೂಲಪ್ರತಿ ಇದ್ದ ನನ್ನ ಹಾರ್ಡ್ ಡಿಸ್ಕ್ ಕೆಟ್ಟು ಹೋಗಿತ್ತು. ಹಾಗಾಗಿ ಲೋಕದಲ್ಲಿ ಆ ಚಿತ್ರ ಉಳಿದಿದ್ದರೆ ನನ್ನ ಬ್ಲಾಗಿನಲ್ಲಿ ಮಾತ್ರ.

ಆ ವರ್ಷದ ಡಿಸೆಂಬರ್‌ನಿಂದ ಆ ಪುಟದ ಕೆಳಗೆ ದಿನವೂ ಒಂದು ಕಾಮೆಂಟ್ ಬರತೊಡಗಿತು. ಹೆಸರಿಲ್ಲ, ಊರಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ‘ಹ್ವಾಯ್’ ಎಂಬ ಒಂದೇ ಪದ, ಸಂಜೆ ನಾಲ್ಕು ಹತ್ತರ ಆಸುಪಾಸಿನಲ್ಲಿ. ನಮ್ಮೂರಲ್ಲಿ ಯಾರನ್ನು ಕರೆಯುವುದಾದರೂ ಹ್ವಾಯ್ ಎನ್ನುವುದು ರೂಢಿ. ಯಾರೋ ಕೀಟಲೆ ಮಾಡುತ್ತಿದ್ದಾರೆಂದು ಸ್ಪ್ಯಾಮ್‌ಗೆ ತಳ್ಳಿದೆ. ಮರುದಿನ ಮತ್ತೆ ಬಂತು. ಎರಡು ತಿಂಗಳಾಗುವಾಗ ನಾಲ್ಕು ಗಂಟೆ ಹೊಡೆದರೆ ನನಗೆ ಒಳಗೊಳಗೇ ಕಸಿವಿಸಿ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಕಂಪ್ಯೂಟರ್ ಕಲಿತವನು ಹೆದರಿದ ಎಂದರೆ ಮರ್ಯಾದೆ ಏನಾಗಬೇಕು!

ಫೆಬ್ರವರಿಯಲ್ಲಿ ಬ್ಲಾಗ್ ಬರೆಯುವವರೂ ವೆಬ್‌ಸೈಟ್ ಮಾಡುವವರೂ ಸೇರಿ ಕುಂಭಾಶಿಯ ಒಂದು ಹಾಲ್‌ನಲ್ಲಿ ಶನಿವಾರ-ಭಾನುವಾರ ಸಮ್ಮೇಳನ ನಡೆಸಿದೆವು. ಬ್ರಹ್ಮಾವರ, ಬೈಂದೂರು, ಉಡುಪಿಯಿಂದ ಅರವತ್ತು ಮಂದಿ ಬಂದಿದ್ದರು. ಶನಿವಾರ ಸಂಜೆಯದು ನನ್ನ ಪಾಠ: ಹಳೇ ಸೈಟನ್ನು ಸ್ವಚ್ಛ ಮಾಡುವುದು ಹೇಗೆ. ನನ್ನ ಬ್ಲಾಗನ್ನೇ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ ವಿವರಿಸುತ್ತಿದ್ದೆ. ಸರಿಯಾಗಿ ನಾಲ್ಕು ಹತ್ತಕ್ಕೆ ಪರದೆಯ ಮೂಲೆಯಲ್ಲಿ ಹೊಸ ಕಾಮೆಂಟ್ ಮೂಡಿತು. ಹ್ವಾಯ್.

ಸಭೆ ನಕ್ಕಿತು. ನಾನು ಕಥೆ ಹೇಳಿದ ಮೇಲೆ ನಗು ನಿಂತಿತು. ಬಿಜೂರಿನಿಂದ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು, ಕೃಷಿಯ ಬ್ಲಾಗ್ ಬರೆಯುವವರು, ಎದ್ದು ನಿಂತರು.

“ಒಂದೇ ಸಲ ಕರ್ದ್ರೆ ಓಗೊಡೂಕಾಗ ಮಾರ್ರೆ. ಮೂರ್ ಸಲ ಕರ್ದ್ರೆ ಮಾತ್ರ ಮನ್ಷ್ಯರ್.”

ನನ್ನಜ್ಜಿಯೂ ಹಾಗೇ ಹೇಳುತ್ತಿದ್ದಳು, ಒಂದೇ ಸಲ ಕರೆದು ಸುಮ್ಮನಾಗುವುದು ಪ್ರೇತ ಎಂದು. ಒಳಗೆ ಹೆದರಿದ್ದೆ, ಆದರೆ ಅರವತ್ತು ಜನರ ಎದುರು ನಿಂತವನಿಗೆ ಗತ್ತು ಬಿಡಲಾಗುತ್ತದೆಯೇ? “ಓಗೊಡುವುದೇ ಬೇಡ, ಮನೆಯನ್ನೇ ಕಿತ್ತುಹಾಕುವ” ಎಂದು ಆ ಪುಟವನ್ನೂ ಚಿತ್ರವನ್ನೂ ಅಳಿಸಿಬಿಟ್ಟೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಭಾನುವಾರ ಸಂಜೆ ಆಕ್ಸೆಸ್ ಲಾಗ್ ಓದುವ ಪಾಠವಿತ್ತು. ಯಾವ ಕಂಪ್ಯೂಟರ್ ಯಾವ ಪುಟವನ್ನು ಎಷ್ಟು ಹೊತ್ತಿಗೆ ಕೇಳಿತು ಎಂದು ಸರ್ವರ್ ತಾನಾಗಿ ಬರೆದಿಡುವ ಪಟ್ಟಿಯೇ ಲಾಗ್. ನನ್ನ ಬ್ಲಾಗಿನ ಲಾಗನ್ನೇ ಗೋಡೆಯ ಮೇಲೆ ತೋರಿಸಿ ಪಾಠ ಮಾಡುತ್ತಿದ್ದೆ. ನಾಲ್ಕು ಹತ್ತಕ್ಕೆ ಒಂದು ಸಾಲು ಬಂತು: ಅಳಿಸಿದ ಪುಟವನ್ನು ಯಾರೋ ಕೇಳುತ್ತಿದ್ದಾರೆ. ಉತ್ತರ 404, ಅಂದರೆ ಪುಟ ಇಲ್ಲ. ಅರೆ ನಿಮಿಷದಲ್ಲಿ ಮತ್ತೊಂದು ಸಾಲು. ಮೂರನೆಯದು ಬಂದಾಗ ನಾನು ಮೇಷ್ಟ್ರ ಮುಖ ನೋಡಿದೆ. ಸಾಲುಗಳು ಬರುತ್ತಲೇ ಇದ್ದವು. ಹನ್ನೊಂದರ ತನಕ ಎಣಿಸಿ ಬಿಟ್ಟೆ.

ಹಿಂದಿನ ಸಾಲಿನಿಂದ ಸುಧಾಕರಣ್ಣ ಎದ್ದು ಬಂದರು. ಕುಂದಾಪುರದಲ್ಲಿ ಸೈಬರ್ ಕೆಫೆ ನಡೆಸುವವರು. ಪ್ರತಿ ಸಾಲಿನ ಮೊದಲಿಗಿದ್ದ ಐಪಿ ವಿಳಾಸಕ್ಕೆ ಬೆರಳಿಟ್ಟರು; ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ ಅದು.

“ಇದ್ ನಮ್ಮ್ ಅಂಗ್ಡಿ ನಂಬ್ರ್ ಅಲ್ದಾ!” ಕಿಸೆಯಿಂದ ಚಾವಿ ತೆಗೆದು ತೋರಿಸಿದರು. “ನಿನ್ನೆಯಿಂದ ಅಂಗ್ಡಿ ಮುಚ್ಚಿತ್ತ್. ಚಾವಿ ಕಾಣಿ, ನನ್ನ್ ಕಿಸಿಯಂಗೇ ಇತ್ತ್.”

ಮೂರು ಸಲ ಕರೆದಾಗಿತ್ತು. ಇನ್ನು ಓಗೊಡದೆ ಇರುವಂತಿಲ್ಲ. ಪಾಠ ಅರ್ಧಕ್ಕೆ ಬಿಟ್ಟು ಇಬ್ಬರೂ ಬೈಕ್ ಹತ್ತಿದೆವು.

ಅಂಗಡಿಯ ಶಟರ್‌ಗೆ ಬೀಗ ಇದ್ದಂತೆಯೇ ಇತ್ತು. ಒಳಗಿನಿಂದ ಕೀಬೋರ್ಡ್ ಒತ್ತುವ ಸದ್ದು ಬರುತ್ತಿತ್ತು. ಒಂದು ಕೀ, ಬಿಡುವು, ಇನ್ನೊಂದು ಕೀ. ಸುಧಾಕರಣ್ಣ ಬೀಗ ತೆಗೆದು ಶಟರ್ ಎತ್ತಿದರು. ಕತ್ತಲೆಯಲ್ಲಿ ಮೂಲೆಯ ಒಂದು ಕಂಪ್ಯೂಟರ್ ಮಾತ್ರ ಬೆಳಗುತ್ತಿತ್ತು. ಅದರ ಮುಂದೆ ಮಡಿಲಲ್ಲಿ ಗುಡಿಸುವ ಹಿಡಿಸೂಡಿ ಇಟ್ಟುಕೊಂಡು ಒಬ್ಬ ಹೆಂಗಸು ಕುಳಿತಿದ್ದರು.

“ಜಲಜಕ್ಕ!” ಎಂದರು ಸುಧಾಕರಣ್ಣ, ಉಸಿರು ಬಿಟ್ಟು. ದಿನವೂ ನಾಲ್ಕಕ್ಕೆ ಬಂದು ಅಂಗಡಿ ಗುಡಿಸುವವರು, ಕೋಡಿಯವರು. ಹಿಂಬಾಗಿಲಿನ ಚಾವಿ ಇವರ ಬಳಿ ಇರುವುದು ಆ ಗಾಬರಿಯಲ್ಲಿ ಸುಧಾಕರಣ್ಣನಿಗೆ ನೆನಪಾಗಿರಲಿಲ್ಲ.

ಜಲಜಕ್ಕ ನಮ್ಮತ್ತ ತಿರುಗಲಿಲ್ಲ. ಪರದೆಯನ್ನೇ ನೋಡುತ್ತ ಕೇಳಿದರು: “ನಿನ್ನೆವರಿಗೂ ಇಲ್ಲೇ ಇದ್ರ್. ಎಲ್ಲಿಗ್ ಹೋದ್ರ್ ಇವ್ರ್?”

ನಿಧಾನಕ್ಕೆ ಅವರು ಹೇಳಿದ್ದಿಷ್ಟು. ಚಿತ್ರದ ಮೂವರಲ್ಲಿ ಕೊನೆಯವನು ಅವರ ಗಂಡ. ಅದೇ ದಿನ ದೋಣಿ ಮಗುಚಿತು. ಇಬ್ಬರು ಈಜಿ ಬಂದರು, ಗಂಡ ಮಾತ್ರ ಸಿಗಲೇ ಇಲ್ಲ. ಮದುವೆಯ ಫೋಟೋ ಮಳೆಗಾಲದಲ್ಲಿ ನೆನೆದು ಮುಖ ಅಳಿಸಿಹೋಗಿತ್ತು. ಒಂದು ಸಂಜೆ ಯಾವುದೋ ಗಿರಾಕಿ ತೆರೆದಿಟ್ಟು ಹೋದ ಪುಟದಲ್ಲಿ ಇವರು ಆ ಬೆನ್ನು ಕಂಡರು. ತೆರೆಯುವುದನ್ನೂ ಒಂದು ಪದ ಒತ್ತುವುದನ್ನೂ ಇನ್ನೊಬ್ಬ ಗಿರಾಕಿಯಿಂದ ಕಲಿತರು. ನಮ್ಮ ಕಡೆ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹ್ವಾಯ್ ಎನ್ನುತ್ತಾಳೆ.

“ಅವತ್ತ್ ಬುತ್ತಿ ಮರ್ತ್ ಹೊರ್ಟಿದ್ರ್. ಕಡ್ಲಿಗ್ ಹೋಪರನ್ನ್ ಹಿಂದಿಂದ ಕರೂಕಾಗ ಅಂದೇಳಿ ಬಾಯಿಗ್ ಬಂದದ್ದನ್ನ್ ನುಂಗ್ಕಂಡೆ. ಕರ್ದಿದ್ರೆ ತಿರ್ಗಿ ಬತ್ತಿದ್ರ್, ದೋಣಿ ತಪ್ತಿತ್ತ್. ಅದ್ಕೇ ಈಗ ದಿನಾ ಒಂದ್ ಸಲ ಕರಿತೆ.”

ನನಗೆ ಅಳು ಬಂತು. ಅಳಿಸಿದ್ದು ನಾನೇ ಎಂದು ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು.

ಆಗ ಹೊಳೆದದ್ದು ಕ್ಯಾಶೆ. ಒಮ್ಮೆ ತೋರಿಸಿದ ಚಿತ್ರದ ನಕಲನ್ನು ಬ್ರೌಸರ್ ಕಂಪ್ಯೂಟರಿನೊಳಗೆ ಎತ್ತಿಟ್ಟುಕೊಳ್ಳುತ್ತದೆ. ಸುಧಾಕರಣ್ಣ ಪ್ರತಿ ಸೋಮವಾರ ಬೆಳಗ್ಗೆ ಅದನ್ನೆಲ್ಲ ಅಳಿಸುತ್ತಿದ್ದರು, ಅಂದು ಭಾನುವಾರ. ನೂರಾರು ಫೈಲುಗಳನ್ನು ಒಂದೊಂದಾಗಿ ತೆರೆದೆ. ಮುಕ್ಕಾಲು ಗಂಟೆಯ ಮೇಲೆ ಕೋಡಿಯ ಬೆಳಗು ಪರದೆಯ ಮೇಲೆ ಬಂತು. ಶನಿವಾರ ಜಲಜಕ್ಕ ನೋಡಿದ್ದರಿಂದಲೇ ಅದು ಅಲ್ಲಿ ಉಳಿದಿತ್ತು.

“ಕೈ ಕಾಣಿ” ಎಂದರು ಜಲಜಕ್ಕ. ಮುಂದಿನ ಇಬ್ಬರ ಕೈಯಲ್ಲಿ ಬುತ್ತಿಯಿತ್ತು. ಕೊನೆಯವನದು ಬರಿಗೈ.

ನಾನು ನೋಡಿದ್ದು ಕೈಯನ್ನಲ್ಲ. ನನ್ನ ನೆನಪಿನಲ್ಲಿ ಮೂವರದೂ ಪೂರ್ತಿ ಬೆನ್ನು. ಇಲ್ಲಿ ಕೊನೆಯವನ ತಲೆ ಒಂದಿಷ್ಟು ಪಕ್ಕಕ್ಕೆ ವಾಲಿತ್ತು, ಯಾರೋ ಕರೆದಂತಾಗಿ ಕಿವಿಗೊಟ್ಟವರ ಹಾಗೆ. ಮೊದಲೇ ಹಾಗಿತ್ತೋ, ನಾನೇ ಗಮನಿಸಿರಲಿಲ್ಲವೋ. ಹೋಲಿಸಿ ನೋಡಲು ಮೂಲಪ್ರತಿ ಇಲ್ಲ.

ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಪುಟವನ್ನು ಆ ರಾತ್ರಿಯೇ ಅದೇ ವಿಳಾಸದಲ್ಲಿ ಮತ್ತೆ ಏರಿಸಿದೆ. ಅಂದಿನಿಂದ ಯಾರ ಸೈಟ್ ಸ್ವಚ್ಛ ಮಾಡುವುದಿದ್ದರೂ ಮೊದಲು ಲಾಗ್ ತೆರೆದು, ಅಳಿಸಬೇಕೆಂದಿರುವ ಪುಟದ ಮುಂದೆ ಯಾರಾದರೂ ಕುಳಿತಿದ್ದಾರೆಯೇ ಎಂದು ನೋಡುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಮರುದಿನ, ಸೋಮವಾರ, ನಾಲ್ಕು ಹತ್ತಕ್ಕೆ ಕಾಮೆಂಟ್ ಬಂತು. ಹ್ವಾಯ್. ಅಭ್ಯಾಸಬಲದಿಂದ ಸ್ಪ್ಯಾಮ್ ಗುಂಡಿಯತ್ತ ಹೋದ ಬೆರಳನ್ನು ಹಿಂದೆ ತೆಗೆದುಕೊಂಡೆ. ಓಗೊಡಲೂ ಇಲ್ಲ. ಆ ಕರೆ ನನಗೆ ಬಂದದ್ದಾಗಿರಲಿಲ್ಲ.