ಬಂದಳಿಕೆಯಲ್ಲಿ ಮರೆತ ಕಡ್ಡಿ

ನಾಯಿಮರಿ ಹೊಲಸು ಮಾಡಿದ ಜಾಗಕ್ಕೇ ಅದರ ಮೂಗು ಹಿಡಿದು ಉಜ್ಜುವುದು ಎಂದು ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ. ಒಬ್ಬರ ಹಳೆಯ ತಪ್ಪನ್ನು ಮತ್ತೆ ಮತ್ತೆ ಎತ್ತಿ ಆಡುವುದು ಎಂದರ್ಥ. ಶಾಲೆಯಲ್ಲಿ ಈ ಅರ್ಥ ಬರೆದು ಶಹಬ್ಬಾಸ್ ಪಡೆದಿದ್ದೆ. ಪ್ರಯೋಗ ಮಾಡಿದ್ದು ಮಾತ್ರ ರುದ್ರಪ್ಪನವರ ಮೇಲೆ.

ಆಗ ನಾನು ಶಿಕಾರಿಪುರದ ಕಡೆ ಜಮೀನು ಅಳೆಯುವ ಕೆಲಸದಲ್ಲಿದ್ದೆ. ರುದ್ರಪ್ಪ ನನ್ನ ಸರಪಳಿ ಹಿಡಿಯುವವರು, ವಯಸ್ಸಿನಲ್ಲಿ ಹಿರಿಯರು. ಸರಪಳಿಯ ಪ್ರತಿ ಉದ್ದಕ್ಕೊಂದು ಕಬ್ಬಿಣದ ಕಡ್ಡಿ ನೆಟ್ಟು, ಕೊನೆಗೆ ಕಿತ್ತ ಕಡ್ಡಿಗಳನ್ನು ಎಣಿಸಿ ಉದ್ದ ಹೇಳುವುದು ಪದ್ಧತಿ. ಬಂದಳಿಕೆ ಎಂಬ ಊರಿನಲ್ಲಿ ಅವರು ಒಂದು ಕಡ್ಡಿಯನ್ನು ಕೆಸರಿನಲ್ಲೇ ಮರೆತರು. ಹೊಲ ಒಂದು ಸರಪಳಿ ಕುಗ್ಗಿತು. ಇಡೀ ದಿನ ಮತ್ತೆ ಅಳೆದೆವು. ಅಂದಿನಿಂದ ಪ್ರತಿ ಬೆಳಿಗ್ಗೆ ನನ್ನದು ಒಂದೇ ಸುಪ್ರಭಾತ: "ಹತ್ತೂ ಕಡ್ಡಿ ಇದಾವೇನ್ರೀ? ಬಂದಳಿಕೆ ನೆನಪಿದೆಯಲ್ಲ?"

"ಐತ್ರೀ ಸಾಹೇಬ್ರೆ."

ಒಂದು ದಿನ ಸೊರಬದಲ್ಲಿ ಬಸ್ಸಿಳಿದು ನೋಡುತ್ತೇನೆ, ತಾಳಗುಂದದಲ್ಲಿ ವಾರವಿಡೀ ಬರೆದ ಅಳತೆ ಪುಸ್ತಕ ಕೈಯಲ್ಲಿಲ್ಲ! ಅದು ಹೋದರೆ ನನ್ನ ನೌಕರಿಗೇ ಸಂಚಕಾರ. ಬಸ್ಸು ಆಗಲೇ ಹೊರಟುಹೋಗಿತ್ತು. ರುದ್ರಪ್ಪ ಕಂಕುಳಿಂದ ಪುಸ್ತಕ ತೆಗೆದು ಕೊಟ್ಟರು.

"ಸೀಟಿನ ಮ್ಯಾಲೆ ಬಿಟ್ಟಿದ್ರಿ."

ಅಷ್ಟೇ. ಮಾರನೆಯ ಬೆಳಿಗ್ಗೆ ನನ್ನ ಮೂಗಿನ ಸರದಿ ಎಂದು ಕಾದೆ. ಅವರು ಸೊರಬದ ಮಾತನ್ನೇ ಎತ್ತಲಿಲ್ಲ. ಕಡ್ಡಿಗಳನ್ನು ಎಣಿಸಿ ಸುಮ್ಮನೆ ಅವರ ಕೈಗೆ ಕೊಟ್ಟೆ. ಅವರು ಸರಪಳಿ ಬಿಚ್ಚದೆ ನನ್ನ ಮುಖವನ್ನೇ ನೋಡುತ್ತ ನಿಂತರು.

"ಯಾಕ್ರೀ ಸಾಹೇಬ್ರೆ, ಇವತ್ತು ಬಂದಳಿಕೆ ಅನ್ನಲೇ ಇಲ್ಲ? ಮೈಯಾಗ ಹುಷಾರಿಲ್ಲೇನು?"

ವಿಧಿಯಿಲ್ಲದೆ "ಬಂದಳಿಕೆ ನೆನಪಿದೆಯಲ್ಲ?" ಅಂದೆ. ಆಮೇಲೆಯೇ ಅವರು ಸಮಾಧಾನದಿಂದ ಸರಪಳಿ ಬಿಚ್ಚಿದ್ದು.