ಮೌನಿ ಸಪ್ಲೈಯರ್ ಆದದ್ದು

ಹೋಟೆಲಿನಲ್ಲಿ ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಅವನೇನೂ ಮೌನವ್ರತ ಹಿಡಿದವನಲ್ಲ. ಮಾತು ತೊದಲುತ್ತಿತ್ತು, ಅಷ್ಟೇ. ಅದರಲ್ಲೂ ಕ, ಮ ಬಂದರೆ ನಾಲಿಗೆ ಅಲ್ಲೇ ಬೀಗ ಹಾಕಿಕೊಂಡು ಕೂತುಬಿಡುತ್ತಿತ್ತು. ಹಾಗಾಗಿ ಒಂಬತ್ತು ವರ್ಷ ಅಡುಗೆಮನೆಯ ಹಿಂದೆ ಪಾತ್ರೆ ತೊಳೆದ. ಮೂವತ್ನಾಲ್ಕನೇ ವಯಸ್ಸಿನಲ್ಲಿ, ಹಳೆಯ ಸಪ್ಲೈಯರ್ ಒಬ್ಬರು ಕೆಲಸ ಬಿಟ್ಟಾಗ, ಕೈ ಒರೆಸಿಕೊಂಡು ಯಜಮಾನರ ಮುಂದೆ ಹೋಗಿ ನಿಂತ.

"ಸಪ್ಲೈಯರ್‌ಗೆ ಬೇಕಾದ್ದೇ ಬಾಯಿ ಕಣಯ್ಯ," ಎಂದರು ಯಜಮಾನರು. "ಇಪ್ಪತ್ತು ತಿಂಡಿ ಹೆಸರು ಒಂದೇ ಉಸಿರಲ್ಲಿ ಹೇಳ್ಬೇಕು. ನೀನು ಹೇಳಿ ಮುಗಿಸೋಷ್ಟರಲ್ಲಿ ಗಿರಾಕಿ ಮನೆಗೆ ಹೋಗಿ ಉಂಡು ಮಲಗಿರ್ತಾನೆ."

ಮೌನಿಯೂ ನಕ್ಕ. ಆದರೆ ನಿಂತ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಯಜಮಾನರೇ ಸೋತು, "ಒಂದು ವಾರ ನೋಡೋಣ," ಎಂದರು.

ಮನೆಯಲ್ಲಿದ್ದದ್ದು ಅವನೂ, ಬಟ್ಟೆ ಹೊಲಿಯುವ ಅಕ್ಕನೂ. ಸುದ್ದಿ ಕೇಳಿದ್ದೇ ಅಕ್ಕ ಹೊಲಿಗೆ ಯಂತ್ರ ಪಕ್ಕಕ್ಕೆ ಸರಿಸಿ, ಕಾಲ ಮೇಲೆ ಕಾಲು ಹಾಕಿ ಗಿರಾಕಿಯಂತೆ ಕೂತಳು.

"ಏನಯ್ಯ, ತಿನ್ನೋಕೇನಿದೆ? ಬೇಗ ಹೇಳು, ನಂಗೆ ಟೈಮಿಲ್ಲ."

"ಮೊ... ಮೊ..."

"ಮೊಸಳೆನಾ? ಸರಿ, ಎರಡು ತಗೊಂಡ್ಬಾ."

ಮೌನಿ ಹೊಟ್ಟೆ ಹಿಡಿದು ನಕ್ಕ. ನಗುವಿನ ಮಧ್ಯೆ ಮೊಟ್ಟೆ ಎಂಬ ಮಾತು ಸಲೀಸಾಗಿ ಹೊರಬಂತು.

ಹೋಟೆಲಿನಲ್ಲಿ ಮಾತ್ರ ಹಾಗಾಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಒಬ್ಬ ಗಿರಾಕಿಗೆ ಮೀನು ಮುಗಿದಿದೆ ಎಂದು ಹೇಳಹೊರಟ. "ಮೀ... ಮೀನು ಮು..." ಎನ್ನುವಷ್ಟರಲ್ಲಿ ಆತ, "ಹ್ಞೂಂ, ಮೀನೇ ತಗೊಂಡ್ಬಾ," ಎಂದು ಫೋನು ಕಿವಿಗಿಟ್ಟುಕೊಂಡ. ಮೌನಿ ಎರಡು ಸಲ ಹೋಗಿ ನಿಂತರೂ ಕೈಬೀಸಿ ಕಳಿಸಿದ. ಇಪ್ಪತ್ತು ನಿಮಿಷವಾದ ಮೇಲೆ ಮೀನಿಲ್ಲವೆಂದು ತಿಳಿದು ಹೋಟೆಲಿನ ಸೂರು ಹಾರಿಹೋಗುವಂತೆ ಕೂಗಾಡಿದ.

ಯಜಮಾನರು ಮೌನಿಯನ್ನು ಪಕ್ಕಕ್ಕೆ ಕರೆದರು. "ಬೇಜಾರು ಮಾಡ್ಕೋಬೇಡಪ್ಪ. ನಾಳೆಯಿಂದ ಪಾತ್ರೆ ಕೆಲಸಕ್ಕೇ ಹೋಗು."

ಅವನು ತಲೆಯಾಡಿಸಿ, ಖಾಲಿ ಮೇಜೊಂದನ್ನು ಒರೆಸತೊಡಗಿದ. ಕಣ್ಣು ಮಂಜಾಗಿತ್ತು, ಕಿವಿ ಎಂದಿನಂತೆ ತೆರೆದೇ ಇತ್ತು. ಪಕ್ಕದ ಮೇಜಿನಲ್ಲಿ ಪುಟ್ಟ ಮಗಳೊಂದಿಗೆ ಕೂತಿದ್ದ ತಾಯಿಯೊಬ್ಬರು ಇನ್ನೊಬ್ಬ ಸಪ್ಲೈಯರ್‌ಗೆ ಹೇಳುತ್ತಿದ್ದರು: "ಇವಳಿಗೆ ಕಡಲೆಕಾಯಿ ಆಗಲ್ಲ. ಚೂರು ಒಳಗೆ ಹೋದ್ರೂ ಗಂಟಲು..."

"ಆಯ್ತಮ್ಮ, ಆಯ್ತು, ಹಾಕಿಸಲ್ಲ," ಎನ್ನುತ್ತಲೇ ಆತ ಮುಂದಿನ ಮೇಜಿಗೆ ಜಾರಿದ. ಅರಳು ಹುರಿದಂತೆ ಮಾತಾಡುತ್ತಿದ್ದವನು, ಯಜಮಾನರಿಗೆ ಅಚ್ಚುಮೆಚ್ಚು.

ಸ್ವಲ್ಪ ಹೊತ್ತಿಗೆ ಮೌನಿ ಅಡುಗೆಮನೆಗೆ ಹೋದ. ಅಡುಗೆಯವರು ತರಕಾರಿ ಗೊಜ್ಜು ಗಟ್ಟಿಯಾಗಲೆಂದು ಹುರಿದ ಕಡಲೆಕಾಯಿ ಪುಡಿ ಸುರಿದು, ಕಾದ ಕಬ್ಬಿಣದ ಬಟ್ಟಲನ್ನು ತಟ್ಟೆಯ ಮೇಲಿಡುತ್ತಿದ್ದರು. ಆ ಮಾತಿನ ಮಲ್ಲ ಅದನ್ನೆತ್ತಿಕೊಂಡು ತಾಯಿ-ಮಗಳ ಮೇಜಿನತ್ತ ಹೊರಟೇಬಿಟ್ಟ.

ಕೂಗಬೇಕೆಂದರೆ ಮೌನಿಗೆ ಒಂದಕ್ಷರವೂ ಹೊರಡಲಿಲ್ಲ. ಓಡಿಹೋಗಿ, ಆ ಮೇಜಿನ ಹತ್ತಿರವೇ, ಬಟ್ಟಲನ್ನು ಬರಿಗೈಯಲ್ಲಿ ಹಿಡಿದುಬಿಟ್ಟ.

"ಏ ಬಿಡೋ, ತಲೆ ಕೆಟ್ಟಿದ್ಯಾ?"

ಅಂಗೈ ಚುರ್ರೆಂದರೂ ಅವನು ಬಿಡಲಿಲ್ಲ. ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. ಯಜಮಾನರು ಎದ್ದು ಬಂದರು. "ಕ... ಕ..." ಯಾರೂ ಅವನ ಮಾತು ಪೂರ್ತಿ ಮಾಡಲಿಲ್ಲ. "ಕಡಲೆ... ಕಾಯಿ. ಪಾಪುಗೆ... ಆಗಲ್ಲ."

ತಾಯಿ ಮಗಳನ್ನು ಎದೆಗವಚಿಕೊಂಡರು. "ನಾನು ಇವರಿಗೆ ಹೇಳಿದ್ನಲ್ಲ," ಎಂದು ಮಾತಿನ ಮಲ್ಲನತ್ತ ನೋಡಿದರು. ಅವನು ತಟ್ಟೆ ಹಿಡಿದು ಅಡುಗೆಮನೆಯತ್ತ ಹಿಂದಿರುಗಿದ.

ಯಜಮಾನರು ತಾವೇ ಮೌನಿಯನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಬ್ಯಾಂಡೇಜು ಸುತ್ತಿಸಿ, ಹೊರಗೆ ಬಂದ ಮೇಲೆ ಹೇಳಿದರು: "ಕೈ ವಾಸಿಯಾಗ್ಲಿ. ಆಮೇಲೆ ಬಂದು ನಿನ್ನ ಮೇಜು ನೋಡ್ಕೋ."

ಇದಾಗಿ ಎಂಟು ವರ್ಷ. ಮೌನಿ ಈಗಲೂ ತೊದಲುತ್ತಾನೆ. ಅವಸರದವರು ಬೇರೆ ಕಡೆ ಕೂರುತ್ತಾರೆ. ಗೋಡೆ ಪಕ್ಕದ ಆರು ಮೇಜು ಅವನವು. ಊಟದ ಹೊತ್ತಿಗೆ ಅಲ್ಲಿ ಜಾಗ ಸಿಗುವುದು ಕಷ್ಟ.